ಖಾಲಿ ಹೋಗದ ಡಬ್ಬಿ

ಭೀಮಾ ನದಿ ಮನೆಯೊಳಗೆ ಬಂದ ವರ್ಷ ಇಂದ್ರಾಬಾಯಿಯ ಸಂಸಾರ ಊರು ಬಿಟ್ಟು ಮುಂಬೈಯ ಧಾರಾವಿಗೆ ಬಂದಿತ್ತು. ಈಗ ಧಾರಾವಿಯ ಮಳೆಯೂ ಮನೆಯೊಳಗೆ ಬಂತು. ಇನ್ನು ಓಡಿಹೋಗಲು ಉಳಿದದ್ದು ಸಮುದ್ರವೊಂದೇ ಎಂದ ಗಂಡ ಸಾಯಬಣ್ಣ. ಅದೂ ಈ ಕಡೆಗೇ ಹೊರಟಿದೆಯಂತೆ ಎಂದಳು ಆಕೆ.

ಜೋಳದ ಹಿಟ್ಟು ಗಟಾರದ ಪಾಲಾಗಿತ್ತು. ಮಳೆ ನಿಲ್ಲದೆ, ಕೂಲಿಯವರು ಕಾಯುವ ನಾಕಾದಲ್ಲಿ ಕೆಲಸಕ್ಕೆ ಕರೆಯುವವರಿರಲಿಲ್ಲ. ತಿರುವಿನ ಉಡುಪಿ ಹೋಟೆಲಿನ ಕಾಂತಪ್ಪ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಅನ್ನ, ಸಾಂಬಾರು ಕಲಸಿ ಸಾಯಬಣ್ಣನ ಕೈಗಿಟ್ಟು, "ನಾಳೆ ಡಬ್ಬಿ ತನ್ನಿ, ಮತ್ತೆ ತುಂಬಿಸುವ" ಎಂದಿದ್ದರು. ಸಾಂಬಾರಿನಲ್ಲಿ ಬೆಲ್ಲವಿತ್ತು. ಇಂದ್ರಾಬಾಯಿ ಮುಖ ಹಿಂಡಿಕೊಂಡೇ ಎರಡು ಸಲ ಬಡಿಸಿಕೊಂಡಳು.

ಮಾರನೆಯ ದಿನ ತೊಳೆದ ಡಬ್ಬಿ ಅಟ್ಟದ ಮೇಲೆ ಥಳಥಳ ಹೊಳೆಯುತ್ತಿತ್ತು. ಕೆಳಗೆ ಮೂರು ಹೊಟ್ಟೆಗಳು ಅದನ್ನೇ ನೋಡುತ್ತಿದ್ದವು.

"ಕೊಡು, ಒಯ್ತೀನಿ," ಎಂದ ಸಾಯಬಣ್ಣ.

"ಮಂದಿ ಡಬ್ಬಿ ಖಾಲಿ ಒಯ್ತೀರಿ? ನಮ್ಮವ್ವ ಮ್ಯಾಲಿಂದ ನೋಡಿದ್ರ ಏನಂತಾಳ?"

"ತುಂಬಿ ಕೊಡಾಕ ಮನ್ಯಾಗ ಏನದ? ತುಂಬಿಸ್ಕೊಂಡು ಬರಾಕ ಹೊಂಟೀನಲ್ಲ ಮಾರಾಯ್ತಿ!"

"ಮಮ್ಮಿ, ದೇ ದೋ ನಾ, ಕೊಟ್ಟುಬಿಡು," ಎಂದಳು ಮಗಳು ಶಿವಕುಮಾರಿ. "ನಂಗ ಭೂಕ್ ಆಗೇದ, ಹೊಟ್ಟಿ ಹಸದದ."

ಮನೆಯಲ್ಲಿದ್ದದ್ದು ಬಾಟಲಿಯ ತಳದಲ್ಲಿ ಒಂದು ಹಿಡಿ ಶೇಂಗಾ ಹಿಂಡಿ, ಊರಿನ ಖಾರದ ಚಟ್ನಿಪುಡಿ. ಏನೂ ಇಲ್ಲದಿದ್ದರೆ ಮಗಳಿಗೆಂದು ಎತ್ತಿಟ್ಟದ್ದು. ಅಷ್ಟು ದೊಡ್ಡ ಡಬ್ಬಿಗೆ ಇಷ್ಟೇ ಇಷ್ಟು ಹಾಕಿ ಕೊಟ್ಟರೆ ಊರಿನ ಮಾನ ಉಳಿದೀತೆ ಎಂದು ಆಕೆ ಯೋಚಿಸುತ್ತಲೇ ಮಧ್ಯಾಹ್ನವಾಯಿತು.

ಪ್ಯಾಂಟು ಮೊಣಕಾಲಿಗೇರಿಸಿ, ಕೊಡೆ ಹಿಡಿದು, ನೀರು ಸೀಳುತ್ತ ಕಾಂತಪ್ಪನವರೇ ಬಂದರು.

"ಎಂತ ಸಾಯಬಣ್ಣ, ಡಬ್ಬಿ ಊರಿಗೆ ಕಳಿಸಿದಿರಾ? ಅಲ್ಲಿ ಅನ್ನ ಕಾದು ಕಾದು ಗಂಜಿ ಆಗ್ತಾ ಉಂಟು."

"ಖಾಲಿ ಕೊಡಂಗಿಲ್ಲಂತ್ರಿ ಈಕಿ."

ಇಂದ್ರಾಬಾಯಿ ಮಗಳ ಕಡೆ ನೋಡದೆ ಬಾಟಲಿಯನ್ನು ಡಬ್ಬಿಗೆ ಬೋರಲು ಹಾಕಿ ತಟ್ಟಿದಳು. ಡಬ್ಬಿಯ ತಳಕ್ಕೆ ಕುಂಕುಮವಿಟ್ಟಂತೆ ಕಂಡಿತು, ಅಷ್ಟೇ. "ತಗೋರಿ ಅಣ್ಣಾರ."

ಕಾಂತಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. "ಅಯ್ಯಬ್ಬ! ಇದು ಚಟ್ನಿಯಾ, ಬೆಂಕಿಯಾ?" ಎನ್ನುತ್ತ ಇನ್ನೊಂದು ಚಿಟಿಕೆ ಹಾಕಿಕೊಂಡರು. ಆಮೇಲೆ ಏನೋ ನೆನಪಾಗಿ ಪೆಚ್ಚಾದರು.

"ನನ್ನನ್ನು ಸಿಕ್ಕಿಸಿ ಹಾಕಿದಿರಲ್ಲ ಅಕ್ಕಾ! ನಮ್ಮ ಅಮ್ಮನದ್ದೂ ಇದೇ ಕಾನೂನು. ಪಾತ್ರೆಯಲ್ಲಿ ಏನಾದರೂ ಬಂದ ಮೇಲೆ ಅದನ್ನು ಖಾಲಿ ಕಳಿಸ್ಲಿಕ್ಕಿಲ್ಲ."

ಸ್ವಲ್ಪ ಹೊತ್ತಿನಲ್ಲೇ ಡಬ್ಬಿ ಬಿಸಿಬಿಸಿಯಾಗಿ ಮರಳಿತು. ಜೊತೆಗೊಂದು ಚೀಲದಲ್ಲಿ ಶೇಂಗಾ, ಒಣಮೆಣಸಿನಕಾಯಿ.

"ಇದ್ಯಾಕ?" ಎಂದ ಸಾಯಬಣ್ಣ.

"ನಾಳಿ ಡಬ್ಬಿ ಹೋಗಬೇಕಲ್ಲ!" ಇಂದ್ರಾಬಾಯಿ ಒಂದು ಕೈಯಲ್ಲಿ ಉಣ್ಣುತ್ತ, ಇನ್ನೊಂದು ಕೈಯಲ್ಲಿ ನೀರಿಗೆ ಹೆದರಿ ಅಟ್ಟಕ್ಕೇರಿಸಿದ್ದ ಒಲೆಯ ಮೇಲೆ ಶೇಂಗಾ ಹುರಿಯುತ್ತಿದ್ದಳು.

"ಖಾರ ಸ್ವಲ್ಪ ಕಡಿಮಿ ಹಾಕು. ಪಾಪ, ಆ ಮನುಷ್ಯಾ ಅತ್ತಾನ."

"ಅಳಲಿ," ಎಂದಳು ಆಕೆ, ತುತ್ತು ನುಂಗಿ. "ಅವರೇನು ಸಾಂಬಾರದಾಗ ಬೆಲ್ಲ ಕಡಿಮಿ ಮಾಡ್ಯಾರೇನು?"