ಎಡ ಅಂಚಿಗೆ ಹೋದ ಬ್ಯಾಕ್

ಮೊಣಕಾಲಿನೊಳಗೆ ಏನೋ ಜಾರಿ ಸಿಕ್ಕಿಕೊಂಡಿತು. ಬಿದ್ದ ಆರ್ನಲ್ಡ್ ಗ್ರೀವ್ ತಕ್ಷಣ ಎದ್ದ. ಟ್ರೇನರ್ ಸಡ್ಗನ್ ಬಕೆಟ್ ಹಿಡಿದು ಓಡಿಬರುವಷ್ಟರಲ್ಲಿ, ಏನೂ ಆಗದವನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

ಸಡ್ಗನ್ ತಣ್ಣೀರಿನ ಸ್ಪಂಜನ್ನು ಮೊಣಕಾಲಿಗೆ ಒತ್ತಿ, ಕಾಲು ಮಡಿಸು ಎಂದ. ಆರ್ನಲ್ಡ್ ಮಡಿಸಲಿಲ್ಲ.

"ನೀನೇನೂ ನೋಡ್ಲಿಲ್ಲ, ಮಾರಾಯ," ಎಂದ ಆರ್ನಲ್ಡ್.

"ನಾನು ನೋಡದಿದ್ರೇನು? ಆ ಕೆಂಪು ಕೂದಲಿನವನು ನೋಡಿದಾನೆ."

ಕೆಂಪು ಕೂದಲಿನವನು ಎದುರಾಳಿ ಫುಟ್‌ಬಾಲ್ ತಂಡದ ವಿಂಗರ್, ಅಂಚಿನಲ್ಲಿ ಚೆಂಡು ಓಡಿಸಿಕೊಂಡು ನುಗ್ಗುವವನು. ಹಿಂದೆ ನಿಂತು ಗೋಲಿನ ಎಡಬದಿ ಕಾಯುವ ಬ್ಯಾಕ್ ಆರ್ನಲ್ಡ್‌ಗೆ ಅವನನ್ನು ತಡೆಯುವುದೇ ಕೆಲಸ. ಗಾಯಗೊಂಡವನ ಬದಲಿಗೆ ಬೇರೊಬ್ಬನನ್ನು ಇಳಿಸಲು ಆಗ ನಿಯಮವಿರಲಿಲ್ಲ. ಅಂಥವನನ್ನು ಮುಂದಿನ ಅಂಚಿಗೆ ಕಳಿಸುತ್ತಿದ್ದರು. ಕುಂಟುತ್ತ ಅಲ್ಲಿ ನಿಂತಿದ್ದರೆ ಸಾಕು. ಆದರೆ ಮರದ ಗ್ಯಾಲರಿಯಲ್ಲಿ ಕ್ಲಬ್ಬಿನ ನಿರ್ದೇಶಕರು ಕೂತಿದ್ದರು. ಮುಂದಿನ ಸೀಸನ್‌ಗೆ ಯಾರು ಉಳಿಯಬೇಕೆಂದು ಬರುವ ವಾರ ತೀರ್ಮಾನಿಸುವವರು ಅವರೇ. ಆರ್ನಲ್ಡ್ ಮತ್ತು ಅವನ ಹೆಂಡತಿ ಐವಿ ಇದ್ದದ್ದು ಕ್ಲಬ್ಬಿನ ಮನೆಯಲ್ಲಿ. ಆಟ ಹೋದರೆ ಮನೆಯೂ ಹೋಗುತ್ತಿತ್ತು.

ಅವನು ತನ್ನ ಜಾಗ ಬಿಡಲಿಲ್ಲ. ಸ್ವಲ್ಪ ಹೊತ್ತಿಗೇ ಕೆಂಪು ಕೂದಲಿನವನು ಚೆಂಡನ್ನು ಅವನ ಹೊರಮಗ್ಗುಲಿಗೆ ತಳ್ಳಿ ಓಡಿದ. ಆರ್ನಲ್ಡ್ ತಿರುಗುವಷ್ಟರಲ್ಲಿ ಗೋಲಾಗಿತ್ತು. ತಂಡದವರು ಯಾರೂ ಬಯ್ಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಯಾರೂ ಹೇಳುವ ಮೊದಲೇ ಅವನು ತಮ್ಮ ಎಡ ವಿಂಗರನ್ನು ಕೈಸನ್ನೆಯಿಂದ ಹಿಂದಕ್ಕೆ ಕರೆದು, ತಾನು ಮುಂದಕ್ಕೆ ನಡೆದ. ಇಷ್ಟು ವರ್ಷಗಳಲ್ಲಿ ನಡುಗೆರೆ ದಾಟಿದ್ದೇ ಅಪರೂಪ.

"ಏ ಗ್ರೀವ್, ನೀನೂ ಟಿಕೆಟ್ ತಗೊಂಡು ಬಂದ್ಯಾ?" ಎಂದು ಗೆರೆಯಾಚೆಯ ಪ್ರೇಕ್ಷಕನೊಬ್ಬ ಕೂಗಿದ. ಒಂದಿಬ್ಬರು ನಕ್ಕು ಸುಮ್ಮನಾದರು.

ಅಲ್ಲಿ ಅವನಿಗೆ ಎದುರಾಗಿದ್ದ ಬ್ಯಾಕ್, ಇನ್ನೂ ಎಳೆಯ ಪ್ರಾಯದವನು, ಅವನನ್ನು ಬಿಟ್ಟು ಮೈದಾನದ ನಡುವಿಗೆ ಸರಿದ. ಕುಂಟುವವನನ್ನು ಕಾಯುತ್ತ ನಿಲ್ಲಬೇಡಿ, ಅವನು ಲೆಕ್ಕಕ್ಕಿಲ್ಲ ಎಂದು ಆರ್ನಲ್ಡ್ ತಾನೇ ಹೊಸಬರಿಗೆ ಹೇಳಿಕೊಡುತ್ತಿದ್ದ. ಒಮ್ಮೆ ಚೆಂಡು ಅವನ ಕಾಲಿಗೆ ಬಂತು. ಯುವಕ ಓಡಿಬಂದ. ಆರ್ನಲ್ಡ್ ಭುಜ ಬಿಗಿಹಿಡಿದು ಡಿಕ್ಕಿಗೆ ಕಾದ. ಡಿಕ್ಕಿಯಾಗಲಿಲ್ಲ. ಯುವಕ ಕಾಲಿನ ತುದಿಯಿಂದ ಚೆಂಡನ್ನಷ್ಟೇ ಎಳೆದುಕೊಂಡ.

"ಕಾಲು ಜೋಪಾನ, ಯಜಮಾನ್ರೇ," ಎಂದ. ಅದರಲ್ಲಿ ಕುಹಕವಿರಲಿಲ್ಲ.

ಆಟ ಮುಗಿದ ಮೇಲೆ ಮ್ಯಾನೇಜರ್ ಮೊಣಕಾಲಿನ ವಿಷಯ ಕೇಳಲಿಲ್ಲ; ಐವಿ ಹೇಗಿದ್ದಾಳೆಂದು ಮಾತ್ರ ವಿಚಾರಿಸಿದ. ಆರ್ನಲ್ಡ್ ಸಡ್ಗನ್‌ಗೆ ಬ್ಯಾಂಡೇಜನ್ನು ಹೊರಗೆ ಉಬ್ಬಿ ಕಾಣದಂತೆ ತೆಳ್ಳಗೆ ಕಟ್ಟಲು ಹೇಳಿ, ಪ್ಯಾಂಟು ಹಾಕಿಕೊಂಡು ಹೊರಬಿದ್ದ.

ಆಟಗಾರರೂ ನೋಡಿದವರೂ ಊರೊಳಗೆ ಹೋಗುತ್ತಿದ್ದದ್ದು ಒಂದೇ ಬಸ್ಸಿನಲ್ಲಿ. ಉಳಿದ ಶನಿವಾರಗಳಲ್ಲಿ ಅವನು ಹತ್ತಿದ ಕೂಡಲೇ ಆ ದಿನದ ಆಟದ ಬಗ್ಗೆ ವಾಗ್ವಾದ ಶುರುವಾಗುತ್ತಿತ್ತು. ಇಂದು ಬಸ್ಸು ಕಿಕ್ಕಿರಿದಿದ್ದರೂ ಮಾತಿರಲಿಲ್ಲ. ಕಂಬಿ ಹಿಡಿದು ನಿಂತೇ ಹೋಗಬೇಕೆಂದು ಅವನು ನಿಶ್ಚಯಿಸಿದ್ದ. ಬಾಗಿಲ ಬಳಿ ಕೂತಿದ್ದ ಕಲ್ಲಿದ್ದಲು ಗಣಿಯ ಮುದುಕನೊಬ್ಬ ಕೆಮ್ಮುತ್ತ ಎದ್ದ.

"ಕೂತ್ಕೋ, ಆರ್ನಲ್ಡ್."

ಆರ್ನಲ್ಡ್ ಬೇಡವೆಂದು ತಲೆಯಾಡಿಸಿದ. ಮುದುಕ ಮತ್ತೆ ಕೂರಲಿಲ್ಲ. ಬಸ್ಸು ಏರು ಹತ್ತತೊಡಗಿತು. ಇಬ್ಬರೂ ಒಂದೇ ಕಂಬಿ ಹಿಡಿದು ನಿಂತಿದ್ದರು. ಅವರ ನಡುವಿನ ಸೀಟು ಖಾಲಿಯಿತ್ತು. ಅಷ್ಟು ಜನರಲ್ಲಿ ಯಾರೂ ಅದರಲ್ಲಿ ಕೂರಲಿಲ್ಲ.