ದೊಡ್ಡಕ್ಕನ ಆಂಟೆನಾ ಇಳಿಸಲು ಬಂದವರು

ದೊಡ್ಡಕ್ಕನ ಕಣ್ಣು ಮಂದವಾಗುತ್ತಿದೆ ಎಂದು ಮನೆಯವರಿಗೆ ಗೊತ್ತಾದದ್ದು ಸುಟ್ಟ ವಾಸನೆಯಿಂದ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಆಯಸ್ಸು ಸವೆಸಿದ ಅವಳು ನಿವೃತ್ತಿಯಾದ ಮೇಲೂ ಜನರ ದನಿ ಕೇಳುವ ಚಟ ಬಿಟ್ಟಿರಲಿಲ್ಲ. ತಮ್ಮನ ಸಂಸಾರ ಕೆಳಗೆ, ಮಹಡಿಯ ಕೋಣೆಯಲ್ಲಿ ಅವಳು ಮತ್ತು ಅವಳ ಹ್ಯಾಮ್ ರೇಡಿಯೋ, ದೂರದೂರದ ಹವ್ಯಾಸಿಗಳೊಡನೆ ಮಾತಾಡುವ ಯಂತ್ರ. ಕೋಣೆಯ ಬಾಗಿಲಾಚೆಯ ತಾರಸಿಯ ಮೇಲೆ ಏಣಿಯಂಥ ಕಬ್ಬಿಣದ ಗೋಪುರ. ಅದರ ನೆತ್ತಿಯಲ್ಲಿ ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ ಕಾಣುವ ಆಂಟೆನಾ. ಅದು ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯ ದನಿ ಮಾತ್ರ ಚೆನ್ನಾಗಿ ಕೇಳುತ್ತದೆ. ಹಾಗಾಗಿ ಅದನ್ನು ತಿರುಗಿಸಲು ಗೋಪುರದೊಳಗೊಂದು ಮೋಟಾರು, ರೊಟೇಟರ್. ಅದಕ್ಕೆ ಅಪ್ಪಣೆ ಕೊಡುವ ಪೆಟ್ಟಿಗೆ ಮೇಜಿನ ಮೇಲೆ: ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ, ನಡುವೆ ಗಾಜಿನ ಹಿಂದೆ ದಿಕ್ಕು ತೋರಿಸುವ ಮುಳ್ಳು. ಉತ್ತರದಿಂದ ಹೊರಟು ಪೂರ್ತಿ ಸುತ್ತಿ ಮತ್ತೆ ಉತ್ತರಕ್ಕೆ ಬಂದರೆ ಅಲ್ಲಿಗೆ ತಡೆ. ಅದಕ್ಕಿಂತ ಮುಂದೆ ಹೋದರೆ ಕೇಬಲ್ ಸುತ್ತಿಕೊಂಡು ಹರಿಯುತ್ತದೆ.

ಅವತ್ತು ಮುಳ್ಳು ತುದಿ ಮುಟ್ಟಿದ್ದು ದೊಡ್ಡಕ್ಕನಿಗೆ ಕಾಣಲಿಲ್ಲ. ಗುಂಡಿ ಒತ್ತಿಕೊಂಡೇ ಇದ್ದಳು. ಮೇಲೆ ಮೋಟಾರು ತಿಣುಕಿತು, ಇಲ್ಲಿ ಪೆಟ್ಟಿಗೆ ಹೊಗೆಯಾಡಿತು. ತಮ್ಮ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಬಂದ.

"ಅಕ್ಕ, ಮುಳ್ಳು ಕಾಣ್ತಿಲ್ವಾ ನಿಂಗೆ?"

"ಕಾಣುತ್ತೆ."

"ಎಲ್ಲಿದೆ ಹೇಳು ನೋಡೋಣ."

ದೊಡ್ಡಕ್ಕ ಗಾಜಿನ ಮೇಲೆ ಬೆರಳಾಡಿಸಿದಳು.

ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಹೋದಂತೆಯೇ ಎಂದರು ಡಾಕ್ಟರು. ತಮ್ಮ ಕೆಟ್ಟವನಲ್ಲ. ಮರೆಯದೆ ಕಣ್ಣಿಗೆ ಹನಿ ಹಾಕುತ್ತಿದ್ದ, ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ. ಆದರೆ ಅವನ ಅಕ್ಕರೆಗೆ ಕಿತ್ತುಕೊಳ್ಳುವ ಚಾಳಿ ಅಂಟಿಕೊಂಡಿತು. ಮೊದಲು ಒಲೆ ಹಚ್ಚಬೇಡ ಎಂದ. ಆಮೇಲೆ ಇಸ್ತ್ರಿ ಪೆಟ್ಟಿಗೆ ಬಚ್ಚಿಟ್ಟ. ಕೊನೆಗೆ ಒಂದು ಸಂಜೆ, ಹವಾಮಾನದ ಸುದ್ದಿ ಹೇಳುವವನಂತೆ ಹೇಳಿದ:

"ಗುಡುಗು ಆ ಆಂಟೆನಾ ಕೇಳ್ತಿದ್ದಾನೆ. ಈ ಭಾನುವಾರ ಬಂದು ಇಳಿಸ್ಕೊಂಡು ಹೋಗ್ತಾನೆ. ಸುಮ್ನೆ ತುಕ್ಕು ಹಿಡಿಯೋದ್ಯಾಕೆ?"

ಗುಡುಗು ಎಂದರೆ ರೇಡಿಯೋ ಕ್ಲಬ್ಬಿನ ಅಧ್ಯಕ್ಷ. ಮೈಕ್ ಇಲ್ಲದೆಯೂ ಪಕ್ಕದ ಬೀದಿಗೆ ಕೇಳುವಂಥ ಗಂಟಲು. ಹೆಸರು ಅದರಿಂದಲೇ ಬಂದದ್ದು.

"ನನ್ನ ಕೇಳಿದ್ಯಾ?" ಎಂದಳು ದೊಡ್ಡಕ್ಕ.

"ನಿನ್ನ ಒಳ್ಳೇದಕ್ಕೇ ಅಕ್ಕ."

"ಒಳ್ಳೇದು ನಂದಾದ್ರೆ, ಕೇಳ್ಬೇಕಾಗಿದ್ದೂ ನನ್ನನ್ನೇ."

ತಮ್ಮ ಕೇಳಿಸದವನಂತೆ ಇಳಿದು ಹೋದ. ದೊಡ್ಡಕ್ಕ ಕತ್ತಲಾಗುವವರೆಗೂ ಕುದಿಯುತ್ತ ಕೂತಳು. ಕೂತಲ್ಲೇ ಅವಳಿಗೆ ಎಕ್ಸ್‌ಚೇಂಜಿನ ನೆನಪು ಬಂತು. ಅಲ್ಲಿ ಯಾವ ಲೈನು ಸತ್ತಿದೆ, ಯಾವುದು ಸುಳ್ಳು ಸುಳ್ಳೇ ಬಿಜಿ ಎನ್ನುತ್ತಿದೆ ಎನ್ನುವುದನ್ನು ಅವಳು ಕಿವಿಯಿಂದಲೇ ಹೇಳುತ್ತಿದ್ದಳು. ಮುಳ್ಳನ್ನು ಅಲ್ಲಾಡಿಸುವ ಅದೇ ಕರೆಂಟು ಒಂದು ಸೀಟಿಯನ್ನು ಯಾಕೆ ಊದಬಾರದು? ಉತ್ತರಕ್ಕೆ ತಗ್ಗಿನ ಸ್ವರ. ತಿರುಗಿದಷ್ಟೂ ಸ್ವರ ಏರಬೇಕು. ಏರುವುದು ನಿಂತರೆ ತುದಿ ಬಂತು, ಬೆರಳು ತೆಗೆ ಎಂದು ಅರ್ಥ.

ಮಾರನೆಯ ದಿನ ತಮ್ಮ ಕೆಲಸಕ್ಕೆ ಹೋದದ್ದೇ ತಡ, ಅವನ ಹೆಂಡತಿಯನ್ನು ಮೇಲಕ್ಕೆ ಕರೆದಳು. ಬಿಡಿ ಭಾಗಗಳ ಡಬ್ಬಿ ಅವಳ ಮುಂದೆ ಸುರಿದು, "ಇದರ ಮೈಮೇಲಿನ ಪಟ್ಟಿ ಯಾವ್ಯಾವ ಬಣ್ಣ, ಓದು. ಬಣ್ಣದಲ್ಲೇ ಇದರ ಅಳತೆ ಇರೋದು," ಎಂದಳು.

"ಕಂದು, ಕಪ್ಪು, ಕಿತ್ತಳೆ... ಅಕ್ಕ, ಇವರಿಗೆ ಗೊತ್ತಾದ್ರೆ ಮನೇನ ಮೇಲೆ ಕೆಳಗೆ ಮಾಡ್ತಾರೆ."

"ಮನೇನ ಮಾಡ್ಲಿ. ಆಂಟೆನಾ ಮಾತ್ರ ಕೆಳಗೆ ಬರಲ್ಲ."

ಆ ಹೆಂಗಸು ಕಿಸಕ್ಕನೆ ನಕ್ಕಳು. ಒಬ್ಬಳು ಬಣ್ಣ ಹೇಳಿದಳು, ಇನ್ನೊಬ್ಬಳು ಪೆಟ್ಟಿಗೆಯ ಸುಟ್ಟ ಭಾಗ ಕಿತ್ತು, ತಡವಿ ತಡವಿ ಹೊಸದಕ್ಕೆ ಬೆಸುಗೆ ಹಾಕಿದಳು. ದೊಡ್ಡಕ್ಕನ ಬೆರಳಿಗೆ ಕಾದ ಸೀಸ ತಾಗಿ ಚುರುಗುಟ್ಟಿತು. "ನಾನೇ ಹಾಕಿಕೊಡಲಾ ಅಕ್ಕ?" ಎಂದಿದ್ದಕ್ಕೆ, "ನೀನು ಹಾಕಿದ್ರೆ ಅದು ನಿನ್ನ ಪೆಟ್ಟಿಗೆ ಆಗುತ್ತೆ. ಓದು, ಮುಂದಿನದು ಓದು," ಎಂದಳು. ಶನಿವಾರ ಸಂಜೆ ಹೊತ್ತಿಗೆ ಪೆಟ್ಟಿಗೆ ಊಳಿಡತೊಡಗಿತು. ಕೇಳಲು ಇಂಪಾಗಿರಲಿಲ್ಲ. ದೊಡ್ಡಕ್ಕನಿಗೆ ಮಾತ್ರ ಇಂಪಾಗಿತ್ತು.

ಭಾನುವಾರ ಬೆಳಿಗ್ಗೆ ಗುಡುಗು ಹಗ್ಗ, ಸ್ಪ್ಯಾನರು, ಸೊಂಟದ ಬೆಲ್ಟು ಎಲ್ಲ ಹೊತ್ತು ತಾರಸಿಗೆ ಬಂದ. ಹಿಂದೆ ತಮ್ಮ. ಗುಡುಗು ಗೋಪುರಕ್ಕೆ ಕಾಲಿಡಬೇಕು, ಅಷ್ಟರಲ್ಲಿ ನೆತ್ತಿಯ ಆಂಟೆನಾ ಗರಗರ ತಿರುಗತೊಡಗಿತು. ಒಂದು ಸುತ್ತು ಬಲಕ್ಕೆ ಹೋಗಿ ನಿಂತಿತು. ಹಾಗೇ ಎಡಕ್ಕೆ ಹೊರಟಿತು.

"ಮೇಡಂ! ನಿಲ್ಸಿ! ಅದು ತಿರುಗ್ತಿದ್ರೆ ನಾನು ಹತ್ತೋದು ಹ್ಯಾಗೆ?"

"ಹತ್ತಬೇಡಿ," ಎಂದಳು ದೊಡ್ಡಕ್ಕ ಕಿಟಕಿಯಿಂದ.

ತಮ್ಮ ಕರೆಂಟು ತೆಗೆಯಲು ಕೆಳಗೋಡಿದ. ಮೇನ್ ಸ್ವಿಚ್ಚಿನ ಮುಂದೆ ಅವನ ಹೆಂಡತಿ ಕೈಕಟ್ಟಿ ನಿಂತಿದ್ದಳು. "ಮೆಷಿನ್‌ಗೆ ಬಟ್ಟೆ ಹಾಕಿದ್ದೀನಿ. ಮುಟ್ಟಿದ್ರೆ ಎಲ್ಲಾನೂ ನೀವೇ ಒಗೀಬೇಕು."

ಸೋತ ಮುಖ ಹೊತ್ತು ಅವನು ಅಕ್ಕನ ಕೋಣೆಗೆ ಬಂದ. ಹಿಂದೆಯೇ ಗುಡುಗು ಬಂದ. ದೊಡ್ಡಕ್ಕ ಪೆಟ್ಟಿಗೆಯ ಮೇಲಿಂದ ಕೈ ತೆಗೆಯದೆ ಸೀಟಿಯ ಗುಟ್ಟನ್ನು ವಿವರಿಸಿದಳು.

"ಹಾಗಾದ್ರೆ ಪೂರ್ವಕ್ಕೆ ತಿರುಗಿಸಿ, ನೋಡೇ ಬಿಡೋಣ," ಎಂದ ಗುಡುಗು, ಬಾಗಿಲಿಂದ ತಾರಸಿಗೆ ಇಣುಕಿ.

ಸ್ವರ ಇಳಿದು, ಏರಿ, ಒಂದು ಕಡೆ ನೆಲೆನಿಂತಿತು. "ಪೂರ್ವ," ಎಂದಳು.

ಗುಡುಗು ಗಹಗಹಿಸಿ ನಕ್ಕ. "ಪೂರ್ವವಾ? ಉತ್ತರಕ್ಕೆ ನೋಡ್ತಾ ನಿಂತಿದೆ ಮೇಡಂ!"

ತಮ್ಮ ಇಣುಕಿ ನೋಡಿದ. ನಿಜವಾಗಿಯೂ ಉತ್ತರಕ್ಕೇ ಇತ್ತು. "ಸಾಕು ಬಿಡಕ್ಕ," ಎಂದ. ಆ ಮೆತ್ತನೆಯ ದನಿ ಅವಳಿಗೆ ಗುಡುಗಿನ ನಗುವಿಗಿಂತ ಹೆಚ್ಚು ಚುಚ್ಚಿತು.  ತಪ್ಪು ಕಿವಿಯದೇ? ಬೆಸುಗೆಯದೇ?

"ಮುಳ್ಳು ಏನು ತೋರಿಸ್ತಿದೆ ನೋಡು," ಎಂದಳು.

ತಮ್ಮ ಬಗ್ಗಿ ನೋಡಿದ. ತಡವರಿಸಿದ. "ಮುಳ್ಳೂ... ಪೂರ್ವ ಅಂತಲೇ ತೋರಿಸ್ತಿದೆ."

"ಹಾಗಾದ್ರೆ ಕಣ್ಣಿದ್ದೋರಿಗೂ ಇದು ಇದೇ ಸುಳ್ಳನ್ನ ಹೇಳ್ತಿತ್ತು. ಇಬ್ರೂ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಇಬ್ಬರೂ ಕೂತರು. ಪೂರ್ವದ ಬಂದರಿನಲ್ಲಿ ಹಗಲಿರುಳು ತನ್ನ ಗುರುತನ್ನು ಮೋರ್ಸ್ ಎಂಬ ಚುಕ್ಕೆ-ಗೆರೆಯ ಸಂಕೇತದಲ್ಲಿ ಮಿಡಿಯುವ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇತ್ತು. ದೊಡ್ಡಕ್ಕ ರೇಡಿಯೋವನ್ನು ಅದಕ್ಕೆ ಹೊಂದಿಸಿದಳು. ಗೊರಗೊರದ ನಡುವೆ ಇರುವೆ ಕೆಮ್ಮಿದಂತೆ ಕೇಳಿತು. ಬಲಗುಂಡಿ ಒತ್ತಿದಳು. ಸೀಟಿ ಏರುತ್ತ ಹೋಯಿತು. ಮಿಡಿತ ಗಟ್ಟಿಯಾಗುತ್ತ, ಗಟ್ಟಿಯಾಗುತ್ತ ಕೋಣೆ ತುಂಬಿತು. ಒಂದಿಷ್ಟು ಮುಂದೆ ಹೋಗಿ, ಸ್ವಲ್ಪ ಹಿಂದೆ ಬಂದು, ಬೆರಳೆತ್ತಿದಳು.

"ಈಗ ಆಂಟೆನಾ ನಿಜವಾಗಿ ಪೂರ್ವಕ್ಕಿದೆ. ಆದ್ರೆ ಸೀಟಿ ದಕ್ಷಿಣ ಅಂತಿದೆ. ಅಂದ್ರೆ ಮೋಟಾರು ಸರಿ ಇದೆ, ಪೆಟ್ಟಿಗೆ ಸರಿ ಇದೆ, ನನ್ನ ಕಿವೀನೂ ಸರಿ ಇದೆ. ಮೊನ್ನೆ ಬೀಸಿದ ಬಿರುಗಾಳಿಗೆ ಆಂಟೆನಾ ಹೊತ್ತ ಪೈಪು ಮೋಟಾರಿನ ಹಿಡಿಕೆಯೊಳಗೆ ಕಾಲು ಸುತ್ತು ಜಾರಿದೆ. ಬೋಲ್ಟು ಸಡಿಲ. ಅಧ್ಯಕ್ಷರೇ, ಹೇಗೂ ಬೆಲ್ಟು ಕಟ್ಕೊಂಡಿದ್ದೀರಲ್ಲ. ಹತ್ತಿ ಬಿಗಿ ಮಾಡಿ ಬನ್ನಿ."

"ನಾನು ಇಳಿಸೋಕೆ ಬಂದೋನು ಮೇಡಂ!"

"ಇಳಿಸೋಕೆ ನಾನು ಕರೆದಿಲ್ಲ. ಬಿಗಿ ಮಾಡೋಕೆ ಕರೀತಿದ್ದೀನಿ. ಆಗಲ್ಲ ಅಂದ್ರೆ ಸ್ಪ್ಯಾನರ್ ಇಟ್ಟು ಹೋಗಿ, ನಾನೇ ಹತ್ತುತ್ತೀನಿ. ಗೋಪುರ ಹತ್ತೋಕೆ ಕಣ್ಣು ಬೇಕಾಗಿಲ್ಲ."

ಅವಳು ಕುರ್ಚಿ ಬಿಟ್ಟು ಎದ್ದೇಬಿಟ್ಟಳು. ತಮ್ಮ ಹೌಹಾರಿ ಗುಡುಗಿನ ತೋಳು ಹಿಡಿದ: "ಹತ್ತೋ ಮಾರಾಯ, ಅವಳು ಹೇಳಿದ್ದನ್ನ ಮಾಡೋಳೇ!"

ದೊಡ್ಡಕ್ಕ ಸೀಟಿಯನ್ನು ಪೂರ್ವದ ಸ್ವರಕ್ಕೆ ತಂದು, ಪೆಟ್ಟಿಗೆಯ ತಂತಿ ಕಿತ್ತು ಗುಡುಗಿನ ಕೈಗೇ ಕೊಟ್ಟಳು, ಮೇಲಿರುವಾಗ ಭಯವಿರಬಾರದೆಂದು. ಅವನು ಗೊಣಗುತ್ತ ಹತ್ತಿದ. ಪೈಪನ್ನು ಬಲಕ್ಕೆ ತಿರುಗಿಸಿ, ಬೋಲ್ಟು ಬಿಗಿದು, ಬೆವರೊರೆಸುತ್ತ ಇಳಿದ. ಖಾಲಿ ಹಗ್ಗ ಸುತ್ತಿಕೊಳ್ಳುವಾಗ, "ಮುಂದೆ ಯಾವಾಗಲಾದ್ರೂ ಬೇಡ ಅನಿಸಿದ್ರೆ..." ಎಂದು ಶುರುಮಾಡಿದ.

"ನಾನು ಸತ್ತ ಮೇಲೆ ಬನ್ನಿ. ಬರೋಕೆ ಮುಂಚೆ ಫೋನ್ ಮಾಡಿ, ಸತ್ತಿದ್ದೀನಾ ಅಂತ ನನ್ನನ್ನೇ ಕೇಳಿ."

ತಮ್ಮ ಆ ವಾರವೆಲ್ಲ ಮುಖ ಊದಿಸಿಕೊಂಡಿದ್ದ. ಆಮೇಲೆ ಸೀಟಿಯ ಕಾಟಕ್ಕೆ ನಿದ್ದೆ ಬರುತ್ತಿಲ್ಲ ಎಂದು ದೂರಿದ. ಕಿವಿಗೆ ಹತ್ತಿ ಇಟ್ಟುಕೋ ಎಂಬ ಉತ್ತರ ಬಂತು. ವರ್ಷ ತಿರುಗುವುದರೊಳಗೆ ದೊಡ್ಡಕ್ಕನಿಗೆ ಕಿಟಕಿಗೂ ಗೋಡೆಗೂ ವ್ಯತ್ಯಾಸ ತಿಳಿಯದಂತಾಯಿತು. ಆ ದಿನ ಅವಳು ಅತ್ತಳು, ಬಾಗಿಲು ಹಾಕಿಕೊಂಡು, ಮನಸಾರೆ. ತಮ್ಮ ಹೊರಗೆ ನಿಂತು, "ಕೆಳಗಿನ ಕೋಣೆಗೆ ಬಂದುಬಿಡಕ್ಕ," ಎಂದ. ಈ ಸಲ ಅದು ಅಪ್ಪಣೆಯಾಗಿರಲಿಲ್ಲ, ಕೇಳಿಕೆಯಾಗಿತ್ತು.

"ಇಲ್ಲ ಕಣೋ," ಎಂದಳು ಒಳಗಿಂದ. "ನನಗೆ ಕೆಲಸ ಇದೆ."

ಮುಖ ಒರೆಸಿಕೊಂಡು ಬಲಗುಂಡಿ ತಡವಿದಳು. ಸೀಟಿ ಏರಿ ನಿಂತಿತು. ಮೈಕ್ ಹತ್ತಿರಕ್ಕೆಳೆದು ಗಂಟಲು ಸರಿಪಡಿಸಿಕೊಂಡಳು: "ದಕ್ಷಿಣಕ್ಕೆ ತಿರುಗಿದ್ದೀನಿ. ಆ ಕಡೆ ಯಾರಿದ್ದೀರಿ, ಮಾತಾಡಿ."