ಚೌಕಟ್ಟಿನ ಅಂಚಿನಲ್ಲಿ ಸುಚಿನ್

ಜುವಾಂಗ್ ಅಣ್ಣನ ಮೇಲೆ ನನಗೆ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ. ಮನೆ ತುಂಬ ಹಕ್ಕಿಗಳ ಫೋಟೋ ಇಟ್ಟುಕೊಂಡ ಮನುಷ್ಯ, ಹೆಂಡತಿ ಸುಚಿನ್ ಸತ್ತಾಗ ಶವಪೆಟ್ಟಿಗೆಯ ಮುಂದಿಡಲು ಅವಳದೊಂದು ನೆಟ್ಟಗಿನ ಫೋಟೋ ಸಿಗದೆ ತಡಕಾಡಿದ. ಫೋನಿನಲ್ಲೂ ಹಕ್ಕಿಗಳೇ! ಕೊನೆಗೆ ಗುರುತಿನ ಚೀಟಿಯ ಪುಟಾಣಿ ಮುಖವನ್ನೇ ದೊಡ್ಡದು ಮಾಡಿಸಿದರು. ಕಣ್ಣು ಯಾವುದು, ಮೂಗು ಯಾವುದು ತಿಳಿಯದು. ಅದಕ್ಕೇ ಊದುಬತ್ತಿ ಹಚ್ಚಿ ಕೈಮುಗಿದು ಬಂದೆವು. ಆ ಪಟ ಇವತ್ತಿಗೂ ಅವನ ಮನೆಯ ಪೂಜೆ ಮೇಜಿನ ಮೇಲಿದೆ.

ಪಾಪ, ಪ್ರತಿ ಚಳಿಗಾಲ ಚಿಗು ಹಿನ್ನೀರಿನ ಏರಿಯ ಮೇಲೆ ಅವಳು ಅವನ ಪಕ್ಕದಲ್ಲೇ ನೀಲಿ ಸ್ಟೂಲು ಹಾಕಿ ಕೂತು, ಫೋಟೋ ಹಿಡಿಯುವ ನಮಗೆಲ್ಲ ಚಕ್ಕೋತ ಬಿಡಿಸಿಕೊಡುತ್ತಿದ್ದಳು. ಅವನ ಫಿರಂಗಿಯಂಥ ಲೆನ್ಸು ಮಾತ್ರ ಕೊರಿಯಾದಿಂದ ಬಂದಿಳಿದ ಚಮಚಕೊಕ್ಕಿನ ಹಕ್ಕಿಗಳ ಮೇಲೇ.

ಈ ಚಳಿಗಾಲ ಒಬ್ಬನೇ ಬಂದ. ಸ್ಟೂಲನ್ನೂ ತಂದು ಪಕ್ಕದಲ್ಲಿ ಬಿಡಿಸಿಟ್ಟ. ಯಾರನ್ನೂ ಕೂರಲು ಬಿಡಲಿಲ್ಲ. ಹಕ್ಕಿಗಳು ಎದುರಿಗೇ ಇಳಿದರೂ ಒಂದು ಫೋಟೋ ತೆಗೆಯಲಿಲ್ಲ. ಅವನ ಹಳೇ ಲೆನ್ಸು ಫೋಕಸ್ಸಿಗಾಗಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತ ಗುರ್ ಗುರ್ ಎನ್ನುತ್ತಿತ್ತು.

“ಆ ಡಬ್ಬಾನ ಗುಜರಿಗೆ ಹಾಕಣ್ಣ. ಹಕ್ಕಿ ಹಾರಿಹೋಗಿ, ಮೊಟ್ಟೆ ಇಟ್ಟು, ಮರಿ ಕರ್ಕೊಂಡು ಬಂದ್ರೂ ಅದಕ್ಕೆ ಫೋಕಸ್ ಸಿಗಲ್ಲ,” ಎಂದೆ.

“ಬಿಶಿಯಾ, ಬಾಯ್ಮುಚ್ಕೊಂಡು ಇಲ್ಲಿ ಬಂದು ನೋಡು.”

ನೋಡಿದೆ. ದೂರದ ಹಕ್ಕಿಗೆ ಫೋಕಸ್ ಕೂತರೆ ಆ ಲೆನ್ಸಿನ ನೋಟ ತುಸು ಬಿಗಿಯುತ್ತದೆ. ಫೋಕಸ್ ಹತ್ತಿರಕ್ಕೆ ಬಂದರೆ ಸಡಿಲವಾಗಿ ಅಂಚಿನಲ್ಲಿ ಇನ್ನಷ್ಟು ಕಾಣುತ್ತದೆ. ಲೆನ್ಸು ಉಸಿರಾಡುತ್ತದೆ ಅನ್ನುತ್ತೇವೆ ನಾವು. ಹೊಸ ಲೆನ್ಸುಗಳಲ್ಲಿ ಈ ಕಾಟ ಕಡಿಮೆ. ನೋಟ ಸಡಿಲವಾದಾಗ ಎಡ ಅಂಚಿನಲ್ಲಿ, ನೀರಿನ ನಡುವೆ, ಮಸುಕಾಗಿ ಒಬ್ಬಳು ನಿಂತಿದ್ದಳು. ತಲೆಯ ಮೇಲೆ ಹೂವಿನ ಬಟ್ಟೆಯ ಟೋಪಿ. ಫೋಕಸ್ ಕೂತ ತಕ್ಷಣ ನೋಟ ಬಿಗಿದು ಅವಳು ಹೊರಗೆ. ಕ್ಯಾಮೆರಾ ಎಡಕ್ಕೆ ತಿರುಗಿಸಿದೆ. ಆಗಲೂ ಅವಳು ಎಡ ಅಂಚಿನಲ್ಲೇ. ಕಣ್ಣು ತೆಗೆದು ನೋಡಿದರೆ ಬರೀ ನೀರು.

“ಆ ಟೋಪಿ...”

“ಅವಳದೇ. ಸುಡುವಾಗ ಜೊತೆಗೇ ಇಟ್ಟಿದ್ವಲ್ಲ.” ಅವನು ಸ್ಟೂಲಿನ ಕಡೆ ನೋಡಿದ. “ಒಂದೇ ಒಂದ್ಸಲ ಮುಖ ಸ್ಪಷ್ಟವಾಗಿ ಸಿಕ್ಕಿದ್ರೆ ಸಾಕು. ಮನೇಲಿರೋ ಆ ಪಟ ತೆಗೆದುಹಾಕ್ತೀನಿ. ದಿನಾ ಅದರ ಮುಂದೆ ನಿಂತ್ಕೊಳ್ಳಕ್ಕೆ ನಾಚಿಕೆ ಆಗುತ್ತೆ.”

ದಿನದಿಂದ ದಿನಕ್ಕೆ ಅವಳು ಹತ್ತಿರವಾದಳು. ಮೊದಲು ನೀರಿನ ನಡುವೆ, ಆಮೇಲೆ ಸಿಂಪಿ ಬೆಳೆಸಲು ನೆಟ್ಟ ಬಿದಿರುಗಳ ಬಳಿ, ಆಮೇಲೆ ಏರಿಯ ಬುಡದಲ್ಲಿ. ಮುಖ ಮಾತ್ರ ಆ ಪಟದಂತೆಯೇ ಮಸುಕು.

ಒಂದು ಸಂಜೆ ಹಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ಎಲ್ಲರ ಕ್ಯಾಮೆರಾಗಳೂ ಆಕಾಶಕ್ಕೆ. ಜುವಾಂಗ್ ಅಣ್ಣನ ಲೆನ್ಸು ಮಾತ್ರ ಗುರ್ ಗುರ್ ಎಂದು ಫೋಕಸ್ಸನ್ನು ಹತ್ತಿರ, ಇನ್ನೂ ಹತ್ತಿರ ಎಳೆದು ತಟ್ಟನೆ ನಿಂತುಬಿಟ್ಟಿತು. ಮೂರು ಮಾರಿಗಿಂತ ಹತ್ತಿರದ್ದನ್ನು ಅದು ಹಿಡಿಯಲಾರದು.

“ತುಂಬ ಹತ್ರ ಬಂದುಬಿಟ್ಳು,” ಅವನು ಪಿಸುಗುಟ್ಟಿದ. “ಟೋಪಿ ಹೂವು ಬಿಟ್ರೆ ಏನೂ ಕಾಣ್ತಿಲ್ಲ.”

“ಹಾಗಾದ್ರೆ ಹಿಂದಕ್ಕೆ ಹೋಗಣ್ಣ! ಏಳು, ಬೇಗ! ಈಗ ಸಿಗ್ತಾಳೆ!” ಹೆದರಿಕೆಯಲ್ಲೂ ಕಿರುಚಿದೆ. ನನಗೂ ಆ ಮುಖ ಬೇಕಿತ್ತು.

ಏಳಲು ಹೋದವನು ಹಾಗೇ ಕೂತ. ಕ್ಯಾಮೆರಾ ಆಫ್ ಮಾಡಿದ.

“ಬೇಡ. ಬದುಕಿದ್ದಾಗೆಲ್ಲ ಇವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ದೂರಾನೇ ನೋಡ್ತಿದ್ದೆ. ಈಗ ಅವಳಾಗೇ ಇಷ್ಟು ಹತ್ರ ಬಂದಿರೋವಾಗ ಫೋಟೋಗೋಸ್ಕರ ಎದ್ದು ಹೋಗ್ಲಾ?”

ಖಾಲಿ ಸ್ಟೂಲಿನ ಕಾಲುಗಳು ಒದ್ದೆ ಮಣ್ಣಿನೊಳಗೆ ಮೆಲ್ಲಗೆ ಇಳಿದವು, ಯಾರಾದರೂ ಕೂತಾಗ ಇಳಿಯುವ ಹಾಗೆ. ಜುವಾಂಗ್ ಅಣ್ಣ ಅತ್ತ ತಿರುಗಿ ಕೂತ.

“ಚಳಿ ಆಗ್ತಿದ್ಯಾ?” ಎಂದು ಕೇಳಿದ.

ನಾನು ಚೀಲದಿಂದ ಚಕ್ಕೋತ ತೆಗೆದು, ಬಿಡಿಸಿ, ಮೂರು ಪಾಲು ಮಾಡಿದೆ.